ಫೋನಿನ ಒಳಗಿದ್ದ ಸಾಮಾನೆಲ್ಲ ಹೊರಗೆ ತೆಗೆದೆ

ನಮ್ಮ ವಯಸ್ಸಿನವರ ಕೈಗೆ ಫೋನ್ ಬಂದದ್ದು ಶಾಲೆ-ಕಾಲೇಜಿನ ಮೂಲಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ "ಈಗಿನ ಹುಡುಗರು ಫೋನ್ ಹಿಡಿದು ಹಾಳಾದರು" ಅನ್ನುವವರು ಆ ಭಾಗವನ್ನು ಮರೆತೇ ಮಾತಾಡುತ್ತಾರೆ.

2020ರ ಜೂನ್ 25ಕ್ಕೆ ನಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಶುರುವಾಯಿತು. ಮಾರ್ಚ್ ಕೊನೆಗೆ ಆಗಬೇಕಿದ್ದದ್ದು, ಲಾಕ್‌ಡೌನ್‌ನಿಂದ ಮುಂದೆ ಹೋಗಿತ್ತು. ಮಾಸ್ಕ್ ಹಾಕಿಕೊಂಡು ಬರೆದೆವು. ಪರೀಕ್ಷೆ ಇನ್ನೂ ಮುಗಿದಿರಲಿಲ್ಲ, ಜೂನ್ 29ಕ್ಕೆ ಟಿಕ್‌ಟಾಕ್ ಬಂದ್ ಆಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂನವರು ರೀಲ್ಸ್ ತಂದರು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು, ಅದೂ ಮೊದಲು ನಮ್ಮ ದೇಶದಲ್ಲೇ. ಅದೇ ತಿಂಗಳುಗಳಲ್ಲಿ ನಮ್ಮ ಫಸ್ಟ್ ಪಿಯುಸಿ ಕ್ಲಾಸುಗಳು ಆನ್‌ಲೈನ್‌ನಲ್ಲಿ ಶುರುವಾದವು.

ನಮ್ಮದು ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಆ ವರ್ಷದ ಹೆಸರುಕಾಳು ಮಾರಿದ ದುಡ್ಡಿನಲ್ಲಿ ನನಗೆ ಫೋನ್ ತಂದುಕೊಟ್ಟರು. ಮಾಳಿಗೆ ಹತ್ತಿದರೆ ಮಾತ್ರ ಸಿಗ್ನಲ್. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ನೋಟ್ಸು, ಸಂಜೆ ಮತ್ತೆ ಕ್ಲಾಸು. ಲೆಕ್ಚರರ್ ಮಾತಾಡುತ್ತಿರುವಾಗ ನೆಟ್ ಕಡಿದುಹೋಗುತ್ತಿತ್ತು. ಮತ್ತೆ ಬರುವ ತನಕ ಏನು ಮಾಡೋದು? ಬೆರಳು ಮೇಲಕ್ಕೆ ಎಳೆದರೆ ಏನೋ ಒಂದು ಬರುತ್ತಿತ್ತು. ಹದಿನಾರು ವರ್ಷದ ಹುಡುಗಿ, ಊರೆಲ್ಲ ಬಂದ್, ಗೆಳತಿಯರ ಮನೆಗೂ ಹೋಗುವ ಹಾಗಿಲ್ಲ. ಅಂಥ ಹೊತ್ತಿನಲ್ಲಿ, ಓದಿನ ನೆಪದಲ್ಲಿ, ಓದಿನ ಯಂತ್ರವಾಗಿಯೇ ಅದು ನಮ್ಮ ಕೈಗೆ ಬಂತು. ಹಾಗಾಗಿ ಇದನ್ನು ಒಬ್ಬೊಬ್ಬರ ಗುಣದೋಷ ಅಂತ ನಾನು ಯಾವತ್ತೂ ಒಪ್ಪುವುದಿಲ್ಲ.

ಈಗ ಧಾರವಾಡದಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನಡುವಿನ ಡಿಗ್ರಿ ವರ್ಷಗಳಲ್ಲಿ ಫೋನ್ ನನ್ನ ಓದನ್ನು ಹೆಚ್ಚುಕಡಿಮೆ ನುಂಗಿಹಾಕಿತ್ತು. ಅದರಿಂದ ಹೊರಗೆ ಬಂದದ್ದು ಹೇಗೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ತುಣುಕು ಹೇಳುವ ಬದಲು ಪೂರ್ತಿಯಾಗಿ ಇಲ್ಲೇ ಬರೆಯುತ್ತೇನೆ.

ಮೊದಲು, ಏನಾಗುತ್ತಿತ್ತು ಅನ್ನುವುದು. ಟೈಮ್ ವೇಸ್ಟ್ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಕಷ್ಟವಾದದ್ದು ಬೇರೆ. ಪುಸ್ತಕ ತೆರೆದು ಕ್ಯಾಲ್ವಿನ್ ಚಕ್ರ, ಅಂದರೆ ಗಿಡ ಸಕ್ಕರೆ ತಯಾರಿಸುವ ಬಗೆ, ಓದುತ್ತಿದ್ದೇನೆ ಅಂದುಕೊಳ್ಳಿ. ರುಬಿಸ್ಕೋ, ಕಾರ್ಬನ್ ಡೈಆಕ್ಸೈಡು, ಮೂರು ಕಾರ್ಬನ್ನಿನ ಆಮ್ಲ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಒಳಗೆ ಏನೋ ಚಡಪಡಿಕೆ. ಮೆಸೇಜ್ ಏನೂ ಬಂದಿರಲಿಲ್ಲ. ಆದರೂ ಕೈ ಹೋಗುತ್ತಿತ್ತು. ಫೋನ್ ಕೆಳಗಿಟ್ಟು ಮತ್ತೆ ಪುಸ್ತಕ ನೋಡಿದರೆ ಮೊದಲಿನ ಸಾಲೇ ಹೊಸದಾಗಿ ಕಾಣುತ್ತಿತ್ತು. ಅರ್ಥವಾಗುವ ವಿಷಯವೇ ಅರ್ಥವಾಗದ ಹಾಗೆ ಆಗುವುದು ಬಹಳ ಭಯ ಹುಟ್ಟಿಸುತ್ತದೆ. "ನನ್ನ ತಲೆಯೇ ಇಷ್ಟು" ಅಂತ ಅನ್ನಿಸಲು ಶುರುವಾಗುತ್ತದೆ. ನನ್ನ ಜೊತೆ ಓದಿದ ಇಬ್ಬರು ಗೆಳತಿಯರು ಹೀಗೇ ಅಂದುಕೊಂಡು ಓದು ಮುಂದುವರಿಸಲಿಲ್ಲ. ಇಬ್ಬರೂ ನನಗಿಂತ ಚುರುಕು.

ಹಾಸ್ಟೆಲ್‌ನಲ್ಲಿ ಮನಶ್ಶಾಸ್ತ್ರ ಓದುವ ಅಕ್ಕ ಒಬ್ಬರಿದ್ದರು. ಈ ಚಡಪಡಿಕೆ ಎಲ್ಲಿಂದ ಬರುತ್ತದೆ ಅಂತ ನನಗೆ ಮೊದಲು ಬಿಡಿಸಿ ಹೇಳಿದ್ದು ಅವರೇ. ಬಿ.ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಕೊಕ್ಕಿನಿಂದ ಕುಟ್ಟಿದರೆ ಕಾಳು ಬೀಳುವ ಪೆಟ್ಟಿಗೆ. ಪ್ರತಿ ಸಲ ಕುಟ್ಟಿದಾಗಲೂ ಕಾಳು ಬೀಳುತ್ತಿದ್ದು ಆಮೇಲೆ ನಿಂತುಹೋದರೆ ಹಕ್ಕಿ ಬೇಗ ಕುಟ್ಟುವುದನ್ನು ಬಿಡುತ್ತದೆ. ಯಾವಾಗ ಬೀಳುತ್ತದೆ ಅಂತ ಗೊತ್ತಿಲ್ಲದ ಹಾಗೆ, ಒಮ್ಮೆ ಬಿದ್ದು ನಾಲ್ಕು ಸಲ ಬೀಳದೆ ಹೋದರೆ, ಅದು ಬಿಡದೆ ಕುಟ್ಟುತ್ತಲೇ ಇರುತ್ತದೆ. ಕಾಳು ನಿಂತ ಮೇಲೂ ಎಷ್ಟೋ ಹೊತ್ತು ಕುಟ್ಟುತ್ತದೆ. ನಮ್ಮ ರೀಲ್ಸ್ ಕೂಡ ಹಾಗೇ ಇವೆ. ಹತ್ತು ಬೇಸರದವು, ಒಂದು ಚೆನ್ನಾಗಿರುವುದು. ಎಲ್ಲವೂ ಚೆನ್ನಾಗಿದ್ದಿದ್ದರೆ ನಾವು ಬೇಗ ಎದ್ದುಹೋಗುತ್ತಿದ್ದೆವು ಅಂತ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

ಇನ್ನೊಂದು ವಿಷಯ. ಮೊದಲು ವೆಬ್ ಪುಟಗಳಿಗೆ ಕೊನೆ ಅಂತ ಇರುತ್ತಿತ್ತು. ಕೆಳಗೆ ಬಂದರೆ "ಮುಂದಿನ ಪುಟ" ಒತ್ತಬೇಕಿತ್ತು. ಆ ಒಂದು ಕ್ಷಣದಲ್ಲಿ "ಸಾಕು" ಅಂತ ಅನ್ನಿಸಬಹುದಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರರು ಕೊನೆಯೇ ಇಲ್ಲದೆ ಇಳಿಯುತ್ತಲೇ ಹೋಗುವ ಪುಟವನ್ನು ರೂಪಿಸಿದರು. ಜನರಿಗೆ ಅನುಕೂಲವಾಗಲಿ ಅಂತಲೇ ಮಾಡಿದ್ದು. ಆಮೇಲೆ ಅವರೇ ಅದಕ್ಕೆ ಬೇಸರಪಟ್ಟು ಬಹಿರಂಗವಾಗಿ ಮಾತಾಡಿದ್ದಾರೆ. ಮಾಡಿದವರಿಗೇ ಹಾಗೆ ಅನ್ನಿಸಿದ್ದರೆ, ರಾತ್ರಿ ಹನ್ನೆರಡಕ್ಕೆ ಹೊದಿಕೆಯೊಳಗೆ ಅದನ್ನು ಎದುರಿಸುವ ವಿದ್ಯಾರ್ಥಿಗೆ "ಮನಸ್ಸು ಗಟ್ಟಿ ಮಾಡ್ಕೋ" ಅಂತ ಹೇಳುವುದು ನ್ಯಾಯವೇ?

ಹೊದಿಕೆಯ ಮಾತು ಬಂತು, ಡೇಟಾ ಪ್ಯಾಕಿನ ವಿಷಯವನ್ನೂ ಹೇಳುತ್ತೇನೆ. ಇದನ್ನು ಯಾರೂ ಯಾಕೆ ಹೇಳುವುದಿಲ್ಲವೋ ಗೊತ್ತಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಆಮೇಲೆ ಎಲ್ಲ ಕಡೆ "ದಿನಕ್ಕೆ 1.5 ಜಿಬಿ", "ದಿನಕ್ಕೆ 2 ಜಿಬಿ" ಅನ್ನುವ ಪ್ಯಾಕುಗಳು. ಉಳಿದದ್ದು ನಾಳೆಗೆ ಬರುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಸೊನ್ನೆ, ಮತ್ತೆ ಹೊಸ ಲೆಕ್ಕ. ನಮ್ಮಂಥ ಮನೆಗಳಲ್ಲಿ ದುಡ್ಡು ಕೊಟ್ಟದ್ದನ್ನು ಚೆಲ್ಲುವ ಅಭ್ಯಾಸವಿಲ್ಲ. ಹತ್ತೂವರೆಗೆ ನೋಡಿದರೆ ಅರ್ಧ ಜಿಬಿ ಉಳಿದಿರುತ್ತಿತ್ತು. "ಸುಮ್ನೆ ಹೋಗುತ್ತಲ್ಲ" ಅಂತ ನಾವು ಮೂವರು ರೂಮ್‌ಮೇಟ್‌ಗಳು ಅದನ್ನು ಮುಗಿಸಲು ಕೂರುತ್ತಿದ್ದೆವು. ಓದಿನಿಂದ ಎದ್ದು ಮಲಗಬೇಕಾದ ಹೊತ್ತದು. ಒಂದು ಪ್ಯಾಕಿನ ನಿಯಮ ಎಷ್ಟು ಹಾಸ್ಟೆಲ್‌ಗಳ ನಿದ್ದೆ ಕೆಡಿಸಿದೆಯೋ! ನಾನು ಈಗ ದಿನದ ಲೆಕ್ಕದ ಪ್ಯಾಕ್ ಹಾಕಿಸುವುದಿಲ್ಲ. ಇಡೀ ಅವಧಿಗೆ ಇಷ್ಟು ಅಂತ ಒಟ್ಟಿಗೆ ಕೊಡುವ ಚಿಕ್ಕ ಪ್ಯಾಕ್ ಇರುತ್ತದೆ, ಅದನ್ನು ಕೇಳಿ ಹಾಕಿಸಿಕೊಳ್ಳುತ್ತೇನೆ. ಆಗ ಉಳಿಸಿದಷ್ಟೂ ನನಗೇ ಉಳಿಯುತ್ತದೆ. ಲೆಕ್ಕ ಉಲ್ಟಾ ಆಯಿತು.

ಎಲ್ಲರೂ ಹೇಳುವ ಉಪಾಯಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆ್ಯಪ್‌ಗೆ ಟೈಮರ್ ಇಡುವುದು: ಟೈಮರ್ ಇಟ್ಟ ಬೆರಳೇ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ತೆಗೆಯುತ್ತದೆ. ಪರದೆಯನ್ನು ಕಪ್ಪು-ಬಿಳುಪು ಮಾಡುವುದು: ಸ್ವಲ್ಪ ಉಪಯೋಗವಾಯಿತು, ಈಗಲೂ ಹಾಗೇ ಇಟ್ಟಿದ್ದೇನೆ. ಇನ್‌ಸ್ಟಾಗ್ರಾಂ ಅಳಿಸುವುದು: ಅಳಿಸಿದೆ, ಅದೇ ವಿಡಿಯೋಗಳು ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಬಂದವು. ಯೂಟ್ಯೂಬನ್ನು ಅಳಿಸುವ ಹಾಗಿಲ್ಲ, ಅದರಲ್ಲಿ ಪಾಠಗಳಿವೆ. ಅದಕ್ಕೆ ಮಾತ್ರ ಒಂದು ಒಳ್ಳೆಯ ದಾರಿ ಸಿಕ್ಕಿತು. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿಯನ್ನು ಪೂರ್ತಿ ಅಳಿಸಿ, ಆಫ್ ಮಾಡಿ. 2023ರ ಆಗಸ್ಟ್‌ನಿಂದ ಹೀಗೆ ಮಾಡಿದವರಿಗೆ ಮುಖಪುಟವೇ ಖಾಲಿ ಕಾಣುತ್ತದೆ. ಬೇಕಾದ ಪಾಠವನ್ನು ಹುಡುಕಿ ನೋಡಬೇಕು. ಹುಡುಕಿ ನೋಡುವುದಕ್ಕೂ, ಬಂದದ್ದನ್ನೆಲ್ಲ ನೋಡುವುದಕ್ಕೂ ಇರುವ ವ್ಯತ್ಯಾಸ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.

ಕೀಪ್ಯಾಡ್ ಫೋನ್ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಧಾರವಾಡದ ಸಪ್ತಾಪುರದ ಕಡೆ ಹೋದರೆ ಪಿಎಸ್‌ಐ, ಪಿಡಿಒ, ಕೆಎಎಸ್ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ತಯಾರಿ ನಡೆಸುವವರು ಬೀದಿ ತುಂಬ ಸಿಗುತ್ತಾರೆ. ಅವರಲ್ಲಿ ಕೆಲವರು ಕೀಪ್ಯಾಡ್ ಫೋನ್ ಹಿಡಿದಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ಆದೇಶ ಮಾಡಿದ ಮೇಲೆ ಡೇಟಾ ಇಲ್ಲದ, ಬರೀ ಮಾತು ಮತ್ತು ಎಸ್‌ಎಂಎಸ್ ಪ್ಯಾಕುಗಳೂ ಬಂದಿವೆ. ಆದರೆ ಕಾಲೇಜು ವಿದ್ಯಾರ್ಥಿಗೆ ಅದು ಕಷ್ಟ. ಕ್ಲಾಸಿನ ಸೂಚನೆ ವಾಟ್ಸ್ಆ್ಯಪ್‌ನಲ್ಲಿ. ನೋಟ್ಸು ಟೆಲಿಗ್ರಾಂನಲ್ಲಿ. ಡಿಗ್ರಿ ಫಲಿತಾಂಶ ಯುಯುಸಿಎಂಎಸ್ ಅನ್ನುವ ವಿಶ್ವವಿದ್ಯಾಲಯಗಳ ಪೋರ್ಟಲ್‌ನಲ್ಲಿ. ಸ್ಕಾಲರ್‌ಶಿಪ್ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಮೆಸ್ಸಿಗೆ, ಕ್ಸೆರಾಕ್ಸ್ ಅಂಗಡಿಗೆ, ಮಿರ್ಚಿ-ಗಿರ್ಮಿಟ್ ಗಾಡಿಗೆ ಕೂಡ ಕ್ಯೂಆರ್ ಕೋಡು. ಫೋನ್ ಬಿಟ್ಟರೆ ವಿದ್ಯಾರ್ಥಿ ಅನ್ನುವ ಗುರುತೇ ಅರ್ಧ ಹೋಗುತ್ತದೆ.

ಅದೇ ಸಪ್ತಾಪುರದಲ್ಲಿ ನಮ್ಮೂರಿನ ಅಣ್ಣ ಒಬ್ಬರು ಪರೀಕ್ಷೆಗೆ ಓದುತ್ತಿದ್ದರು. ಅವರ ಹತ್ತಿರ ಇದ್ದದ್ದು ಸ್ಮಾರ್ಟ್‌ಫೋನೇ. ಆದರೆ ಬೆಳಿಗ್ಗೆ ನಾಷ್ಟಾ ಮಾಡಲು ಖಾನಾವಳಿಗೆ ಹೋದಾಗ ಅಲ್ಲಿನ ಅಮ್ಮನ ಕೈಗೆ ಫೋನ್ ಕೊಡುತ್ತಿದ್ದರು. ಅವರು ಅದನ್ನು ರೊಟ್ಟಿ ಡಬ್ಬಿ ಇಡುವ ಮೇಲಿನ ಹಲಗೆಯ ಮೇಲೆ ಇಡುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಂದಾಗ ಒಮ್ಮೆ ನೋಡಿ ವಾಪಸ್ ಕೊಡುವುದು. ರಾತ್ರಿ ಊಟ ಮುಗಿಸಿ ತಗೊಂಡು ಹೋಗುವುದು. "ನನ್ನ ಮನಸ್ಸೇನು ಗಟ್ಟಿ ಇಲ್ಲ ತಂಗಿ, ಖಾನಾವಳಿ ದೂರ ಐತಿ ಅಷ್ಟ" ಅಂದರು. ನನಗೆ ಬೇಕಿದ್ದ ಮಾತು ಇದೇ. ಜಾಗ ಬದಲಾಯಿಸಿದರೆ ಸಾಕು. ಮನಸ್ಸಿನ ಜೊತೆ ದಿನವಿಡೀ ಕುಸ್ತಿ ಬೇಡ.

ಆಮೇಲೆ ಮನಶ್ಶಾಸ್ತ್ರದ ಅಕ್ಕ ಇದಕ್ಕೆ ಹೊಂದುವ ಒಂದು ಅಧ್ಯಯನ ತೋರಿಸಿದರು. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಜೊತೆಯವರು ಮಾಡಿದ್ದು. ಸುಮಾರು 800 ಜನರಲ್ಲಿ ಕೆಲವರಿಗೆ ಫೋನನ್ನು ಮೇಜಿನ ಮೇಲೆ ಮಗುಚಿ ಇಡಲು ಹೇಳಿದರು, ಕೆಲವರಿಗೆ ಜೇಬು ಅಥವಾ ಬ್ಯಾಗಿನಲ್ಲಿ, ಕೆಲವರಿಗೆ ಬೇರೆ ಕೋಣೆಯಲ್ಲಿ. ಎಲ್ಲ ಫೋನುಗಳೂ ಸೈಲೆಂಟ್. ಆಮೇಲೆ ನೆನಪು ಮತ್ತು ಯೋಚನೆಯ ಪರೀಕ್ಷೆ ಕೊಟ್ಟರು. ಬೇರೆ ಕೋಣೆಯಲ್ಲಿ ಇಟ್ಟವರು ಮೇಜಿನ ಮೇಲೆ ಇಟ್ಟವರಿಗಿಂತ ಚೆನ್ನಾಗಿ ಮಾಡಿದರು. ಆಮೇಲೆ ಬಂದ ಎಲ್ಲ ಅಧ್ಯಯನಗಳಲ್ಲೂ ಅದೇ ಫಲಿತಾಂಶ ಸಿಕ್ಕಿಲ್ಲ, ಅದನ್ನೂ ಹೇಳಬೇಕು. ನನ್ನ ಮಟ್ಟಿಗೆ ಮಾತ್ರ ಅನುಮಾನವೇ ಉಳಿದಿಲ್ಲ. ಫೋನ್ ಪಕ್ಕದಲ್ಲಿ ಇದ್ದರೆ ಅದನ್ನು ಮುಟ್ಟದೇ ಇರುವುದೇ ಒಂದು ಕೆಲಸ. ಆ ಕೆಲಸ ಮಾಡುತ್ತ ಇನ್ನೊಂದು ಕೆಲಸ ಮಾಡಬೇಕು.

ಆದರೆ ದೂರ ಇಡೋಣ ಅಂತ ಹೊರಟಾಗ ನಿಜವಾದ ತೊಂದರೆ ತಿಳಿಯಿತು. ದೂರ ಇಡಲು ಆಗದ ಹಾಗೆ ಫೋನಿನ ಒಳಗೆ ಮನೆಯ ಸಾಮಾನೆಲ್ಲ ಸೇರಿಕೊಂಡಿದೆ. ಅಲಾರಂ ಅದರಲ್ಲಿ. ಗಡಿಯಾರ ಅದರಲ್ಲಿ. ಕ್ಯಾಲ್ಕುಲೇಟರ್, ಟಾರ್ಚ್, ನಿಘಂಟು, ಟೈಮ್‌ಟೇಬಲ್, ನೋಟ್ಸು ಎಲ್ಲ ಅದರಲ್ಲಿ. ಟೈಮ್ ಎಷ್ಟಾಯಿತು ಅಂತ ನೋಡಲು ಕೈಗೆತ್ತಿಕೊಂಡರೆ ಇಪ್ಪತ್ತು ನಿಮಿಷ ಹೋದದ್ದು ಗೊತ್ತಾಗುವುದಿಲ್ಲ, ಕೆಳಗಿಟ್ಟಾಗ ಟೈಮ್ ಎಷ್ಟು ಅಂತಲೂ ನೆನಪಿರುವುದಿಲ್ಲ. ಹಾಗಾಗಿ ನಾನು ಮಾಡಿದ್ದು ಇಷ್ಟೇ. ಆ ಸಾಮಾನುಗಳನ್ನು ಒಂದೊಂದಾಗಿ ಹೊರಗೆ ತೆಗೆದೆ.

ಮೊದಲು ಅಲಾರಂ. ಸುಭಾಸ ರಸ್ತೆಯ ಒಂದು ಅಂಗಡಿಯಲ್ಲಿ ಸೆಲ್ ಹಾಕುವ ಸಣ್ಣ ಮೇಜಿನ ಗಡಿಯಾರ ತಗೊಂಡೆ. ನಿಜ ಹೇಳಬೇಕಂದ್ರೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಅಲಾರಂ ಫೋನಿನಲ್ಲಿದ್ದರೆ ಫೋನ್ ದಿಂಬಿನ ಪಕ್ಕದಲ್ಲೇ ಮಲಗಬೇಕು. ರಾತ್ರಿ ಕಣ್ಣು ಮುಚ್ಚುವ ಮುಂಚೆ ಕೊನೆಯದಾಗಿ ಕಾಣುವುದೂ ಅದೇ, ಬೆಳಿಗ್ಗೆ ಮೊದಲು ಮುಟ್ಟುವುದೂ ಅದೇ. ಅಲಾರಂ ಆಫ್ ಮಾಡಲು ಹೋದ ಬೆರಳು ಅಲ್ಲೇ ಉಳಿಯುತ್ತದೆ. ಗಡಿಯಾರ ಬಂದ ದಿನವೇ ಫೋನನ್ನು ದಿಂಬಿನಿಂದ ಎಬ್ಬಿಸಿದೆ. ರಾತ್ರಿ ಹೊತ್ತು ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ನನ್ನು ತಡೆಯುತ್ತದೆ ಅಂತ ಓದಿದ್ದೆ. ಅದಕ್ಕಿಂತ ಮುಖ್ಯ, ನೋಡುತ್ತಾ ಕೂತರೆ ಮಲಗುವುದೇ ತಡ.

ಆಮೇಲೆ ಕೈಗಡಿಯಾರ. ಅಪ್ಪನದು ಹಳೆಯದು, ಬೆಲ್ಟ್ ಹಾಕಿಸಿಕೊಂಡೆ. ಆಮೇಲೆ ಕ್ಯಾಲ್ಕುಲೇಟರ್. ಆಮೇಲೆ ಟೈಮ್‌ಟೇಬಲ್ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದೆ. ನೋಟ್ಸಿನ ಪಿಡಿಎಫ್‌ಗಳನ್ನು ಎರಡೂ ಬದಿ ಪ್ರಿಂಟ್ ಹಾಕಿಸಿ ಸ್ಪೈರಲ್ ಮಾಡಿಸಿದೆ. ಇದಕ್ಕೆ ಖರ್ಚಾಗುತ್ತದೆ, ನಿಜ. ನಾವು ನಾಲ್ಕು ಜನ ಸೇರಿ ಒಂದು ಪ್ರತಿ ಹಾಕಿಸಿ ಹಂಚಿಕೊಂಡೆವು. ಫೋನಿನಲ್ಲಿ ಮುನ್ನೂರು ಪಿಡಿಎಫ್ ಇದ್ದಾಗ ಒಂದನ್ನೂ ಪೂರ್ತಿ ಓದಿರಲಿಲ್ಲ. ಕಾಗದದ ಮೇಲೆ ಬಂದದ್ದನ್ನು ಓದಿದೆವು. ಅಂಚಿನಲ್ಲಿ ಬೇರೆಯವರು ಬರೆದ ಪ್ರಶ್ನೆಗಳೂ ಇರುತ್ತಿದ್ದವು.

ಹೀಗೆ ಒಂದೊಂದು ಸಾಮಾನು ಹೊರಗೆ ಬಂದ ಹಾಗೆ ಫೋನ್ ಎತ್ತುವ ಒಂದೊಂದು ನೆಪ ಕಡಿಮೆಯಾಯಿತು. ಕೊನೆಗೆ ಉಳಿದದ್ದು ಮಾತು, ಮೆಸೇಜು, ದುಡ್ಡು. ಅದಕ್ಕೆ ದಿನಕ್ಕೆ ಎರಡು ಮೂರು ಸಲ ನೋಡಿದರೆ ಸಾಕು.

ಜಾಗದ ವ್ಯವಸ್ಥೆ ಹೀಗೆ. ನಮ್ಮ ರೂಮಿನಲ್ಲಿ ಮೂವರು, ಎದುರು ರೂಮಿನಲ್ಲಿ ಮೂವರು. ಸಂಜೆ ಓದಲು ಕೂರುವಾಗ ನಮ್ಮ ಫೋನುಗಳು ಅವರ ರೂಮಿಗೆ, ಅವರ ಫೋನುಗಳು ನಮ್ಮ ರೂಮಿಗೆ. ಖಾಲಿಯಾದ ಧಾರವಾಡ ಪೇಡಾ ಬಾಕ್ಸಿನಲ್ಲಿ ಹಾಕಿ ಕಿಟಕಿಯಲ್ಲಿ ಇಡುತ್ತೇವೆ. ಬೇಕಾದರೆ ಎದ್ದು ಹೋಗಿ ಬಾಗಿಲು ತಟ್ಟಿ ಕೇಳಬಹುದು. ಯಾರೂ ಬೇಡ ಅನ್ನುವುದಿಲ್ಲ. ಆದರೆ ಎದ್ದು, ಚಪ್ಪಲಿ ಹಾಕಿಕೊಂಡು, ಓದುತ್ತಿರುವವರ ಬಾಗಿಲು ತಟ್ಟಿ, "ಫೋನ್ ಕೊಡು" ಅನ್ನುವಷ್ಟರಲ್ಲಿ ನಿಜಕ್ಕೂ ಬೇಕಾ ಅಂತ ಒಮ್ಮೆ ಕೇಳಿಕೊಳ್ಳುತ್ತೇವೆ. ಹಳೆಯ ವೆಬ್ ಪುಟದ ಕೊನೆಯಲ್ಲಿ ಇದ್ದ ಆ ಒಂದು ಕ್ಷಣವನ್ನು ನಾವು ಕಾರಿಡಾರಿನಲ್ಲಿ ವಾಪಸ್ ಪಡೆದೆವು.

ಶುರುವಿನ ದಿನಗಳು ಸುಲಭವಾಗಿರಲಿಲ್ಲ. ಅದನ್ನು ಮುಚ್ಚಿಡಬಾರದು. ಸಿಟ್ಟು ಬರುತ್ತಿತ್ತು. ಇಲ್ಲದ ಫೋನ್ ಜೇಬಿನಲ್ಲಿ ಕಂಪಿಸಿದ ಹಾಗೆ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಮನೆಯಿಂದ ಫೋನ್ ಬಂದರೆ ಅನ್ನುವ ಭಯ. ಅದಕ್ಕೆ ಅವ್ವನ ಜೊತೆ ಮಾತಾಡಿದೆ. ರಾತ್ರಿ ಊಟವಾದ ಮೇಲೆ ನಾನೇ ಮಾಡುತ್ತೇನೆ, ನಡುವೆ ತುರ್ತು ಇದ್ದರೆ ವಾರ್ಡನ್ ಮೇಡಂಗೆ ಮಾಡು ಅಂತ ಅವರ ನಂಬರ್ ಬರೆಸಿದೆ. ಮೊದಲೆಲ್ಲ ಅವ್ವನ ಕರೆ ಬಂದರೆ ಸ್ಪೀಕರ್ ಹಾಕಿ ಇನ್ನೇನೋ ನೋಡುತ್ತಾ "ಹೂಂ, ಹೂಂ" ಅನ್ನುವುದು ರೂಮಿನಲ್ಲಿ ಎಲ್ಲರ ಅಭ್ಯಾಸವಾಗಿತ್ತು. ಈಗ ಕಾರಿಡಾರಿನಲ್ಲಿ ಅಡ್ಡಾಡುತ್ತಾ ಬರೀ ಮಾತು. ಎಮ್ಮೆ ಎಷ್ಟು ಹಾಲು ಕೊಟ್ಟಿತು, ಅಜ್ಜಿಯ ಮೊಣಕಾಲು ಹೇಗಿದೆ, ಹೊಲದಲ್ಲಿ ಕಳೆ ತೆಗೆಯಲು ಯಾರು ಬಂದಿದ್ದರು. ಒಂದು ದಿನ ಅವ್ವ, "ಈಗ ಮಾತಾಡಿದಂಗ ಆಗತೈತಿ ನೋಡವಾ" ಅಂದರು. ಆ ರಾತ್ರಿ ನನಗೆ ಅಳು ಬಂತು.

ಓದು ವಾಪಸ್ ಬಂತು ಅಂತ ನನಗೆ ಖಾತ್ರಿಯಾದದ್ದು ಲ್ಯಾಬಿನಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇರೆ ವಿಷಯ ಓದುವವರು ಸಹಿಸಿಕೊಳ್ಳಿ.

ಅವತ್ತು ಕಣಗಿಲೆ ಎಲೆಯ ಅಡ್ಡ ಸೀಳಿಕೆ. ಎಲೆಯ ತುಂಡನ್ನು ಗಜ್ಜರಿಯ ನಡುವೆ ಸಿಕ್ಕಿಸಿ ಬ್ಲೇಡಿನಿಂದ ತೆಳ್ಳಗೆ ಕೊಯ್ಯಬೇಕು. ನೀರು ತುಂಬಿದ ಗಾಜಿನ ಬಟ್ಟಲಿಗೆ ಬಿದ್ದ ಹತ್ತಾರು ಚೂರುಗಳಲ್ಲಿ ಎಲ್ಲಕ್ಕಿಂತ ತೆಳುವಾದದ್ದನ್ನು ಬ್ರಷ್ಷಿನಲ್ಲಿ ಎತ್ತಿಕೊಳ್ಳಬೇಕು. ಸ್ಯಾಫ್ರನಿನ್ ಬಣ್ಣ ಹಾಕಿ, ತೊಳೆದು, ಗ್ಲಿಸರಿನ್ ಹನಿಯ ಮೇಲೆ ಇಟ್ಟು, ಗುಳ್ಳೆ ಬರದ ಹಾಗೆ ಕವರ್ ಸ್ಲಿಪ್ ಇಳಿಸಬೇಕು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆಯಬೇಕು. ಡಿಗ್ರಿಯಲ್ಲಿ ನಾವು ಏನು ಮಾಡುತ್ತಿದ್ದೆವು ಅಂದರೆ, ಐಪೀಸಿಗೆ ಫೋನ್ ಹಿಡಿದು ಫೋಟೋ ತೆಗೆದು, ರೂಮಿಗೆ ಹೋಗಿ ಆ ಫೋಟೋ ನೋಡಿ ಬರೆಯುತ್ತಿದ್ದೆವು. ಫೋಟೋದಲ್ಲಿ ಸಿಗುವುದು ಒಂದೇ ಪದರ. ಅವತ್ತು ಫೋನ್ ರೂಮಿನಲ್ಲಿತ್ತು. ಹಾಗಾಗಿ ಕಣ್ಣಿಟ್ಟು ಕೂತೆ, ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದು ಕೈ ಫೋಕಸ್ ಸರಿಮಾಡುವ ಫೈನ್ ಅಡ್ಜಸ್ಟ್‌ಮೆಂಟ್ ತಿರುಪಿನ ಮೇಲೆ.

ಮೇಲೆ ಮೇಣದಂಥ ದಪ್ಪ ಪದರ, ಕ್ಯುಟಿಕಲ್. ಅದರ ಕೆಳಗೆ ಒಂದಲ್ಲ, ಹಲವು ಸಾಲಿನ ಹೊರಚರ್ಮ. ನಡುವೆ ನೀರು ಸಾಗಿಸುವ, ಬಣ್ಣ ಹೀರಿ ಕೆಂಪಾದ ಜೈಲಂ. ಎಲೆಯ ಎರಡೂ ಬದಿಗೆ ಪ್ಯಾಲಿಸೇಡ್, ಅಂದರೆ ಒತ್ತಾಗಿ ನಿಂತ ಉದ್ದನೆಯ ಹಸಿರು ಕೋಶಗಳು. ಕೆಳಬದಿಯಲ್ಲಿ ಗುಳಿಗಳು, ಒಂದೊಂದು ಗುಳಿಯೊಳಗೂ ಕೂದಲು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮುಂದಿನ ಕೂದಲುಗಳು ಮಸುಕಾಗಿ ಹಿಂದಿನವು ಸ್ಪಷ್ಟವಾಗುತ್ತಿದ್ದವು. ಇನ್ನಷ್ಟು ತಿರುಗಿಸಿದಾಗ ಅವುಗಳ ಹಿಂದೆ ಪತ್ರರಂಧ್ರ ಕಾಣಿಸಿತು, ಗುಳಿಯ ಗೋಡೆಗೆ ಅಂಟಿಕೊಂಡು. ಒಣ ಗಾಳಿ ನೇರ ತಾಗಿ ನೀರು ಆರಿಹೋಗದಿರಲಿ ಅಂತ ಗಿಡ ತನ್ನ ಬಾಯಿಯನ್ನು ಅಲ್ಲಿ ಇಟ್ಟುಕೊಂಡಿದೆ. ನಮ್ಮೂರ ಬಸ್ ಸ್ಟ್ಯಾಂಡಿನ ಹತ್ತಿರ ಕಣಗಿಲೆ ಬೇಸಿಗೆಯಲ್ಲೂ ಹಸಿರಾಗಿ ನಿಲ್ಲುವುದು ಯಾಕೆ ಅಂತ ಪುಸ್ತಕದಲ್ಲಿ ಓದಿದ್ದೆ. ಅವತ್ತು ಕಣ್ಣಾರೆ ಕಂಡೆ. ತಲೆ ಎತ್ತಿದಾಗ ಲ್ಯಾಬು ಅರ್ಧ ಖಾಲಿಯಾಗಿತ್ತು. ಎಷ್ಟು ಹೊತ್ತು ಹೋಯಿತು ಅಂತ ತಿಳಿದಿರಲಿಲ್ಲ. ರೀಲ್ಸ್ ನೋಡುವಾಗಲೂ ಹೊತ್ತು ಹೋದದ್ದು ತಿಳಿಯುವುದಿಲ್ಲ, ಅಲ್ವಾ? ಆದರೆ ಅಲ್ಲಿಂದ ಎದ್ದಾಗ ತಲೆ ಭಾರ. ಇಲ್ಲಿಂದ ಎದ್ದಾಗ ಹಸಿವು. ನನ್ನ ತಲೆ ಇಷ್ಟೇ ಅಲ್ಲ ಅಂತ ಗೊತ್ತಾದ ದಿನ ಅದು.

ಇಷ್ಟೆಲ್ಲ ಹೇಳಿದ ಮೇಲೂ, ಭಾರವನ್ನೆಲ್ಲ ವಿದ್ಯಾರ್ಥಿಗಳ ಮೇಲೆ ಹಾಕಿದರೆ ನನಗೆ ಒಪ್ಪಿಗೆಯಿಲ್ಲ. ಡಿಗ್ರಿಯಲ್ಲಿ ಅಸೈನ್‌ಮೆಂಟ್ ಸೂಚನೆ ರಾತ್ರಿ ಹನ್ನೊಂದಕ್ಕೆ ಕ್ಲಾಸ್ ಗ್ರೂಪಿಗೆ ಬರುತ್ತಿತ್ತು. ನಾಳೆ ಮೊದಲ ಪೀರಿಯಡ್ ಇಲ್ಲ ಅನ್ನುವುದೂ ಅಲ್ಲೇ. ನೋಡದಿದ್ದವರಿಗೆ ನಷ್ಟ. ಹೀಗಿದ್ದಾಗ ಫೋನ್ ದೂರ ಇಡು ಅಂತ ಯಾವ ಬಾಯಿಯಿಂದ ಹೇಳುವುದು? ಎಂ.ಎಸ್ಸಿ.ಗೆ ಬಂದ ಮೇಲೆ ನಮ್ಮ ಕ್ಲಾಸಿನವರು ಸೇರಿ ಕೇಳಿಕೊಂಡೆವು. ಸೂಚನೆಗಳು ಸಂಜೆ ಆರರ ಒಳಗೆ ಒಟ್ಟಿಗೆ ಬರಲಿ, ಆಮೇಲಿನದು ಮರುದಿನ. ಬೋರ್ಡಿನ ಮೇಲೂ ಬರೆಯಲಿ. ಮೇಷ್ಟ್ರುಗಳು ಒಪ್ಪಿದರು. ಅವರಿಗೂ ನಿರಾಳವಾಯಿತು ಅಂತ ಒಬ್ಬರು ಹೇಳಿದರು. ಕೇಳಿದರೆ ಆಗುವ ಕೆಲಸ ಇದು. ನಿಮ್ಮ ಕ್ಲಾಸಿನಲ್ಲೂ ಕೇಳಿ.

ಇನ್ನೊಂದು ಮಾತು ಹುಡುಗಿಯರ ಮನೆಯವರಿಗೆ. ಫೋನ್ ಚಟ ಅಂತ ಹೇಳಿ ಹುಡುಗಿಯ ಕೈಯಿಂದ ಫೋನ್ ಕಿತ್ತುಕೊಳ್ಳುವುದಕ್ಕೂ ನಾನು ಇಲ್ಲಿ ಬರೆಯುತ್ತಿರುವುದಕ್ಕೂ ಸಂಬಂಧವಿಲ್ಲ. ನಮ್ಮ ಕಡೆ ಎಷ್ಟೋ ಹುಡುಗಿಯರಿಗೆ ತಮ್ಮದು ಅಂತ ಇರುವ ಮೊದಲ ವಸ್ತುವೇ ಫೋನ್. ಅರ್ಜಿ ಹಾಕುವುದು, ಸ್ಕಾಲರ್‌ಶಿಪ್ ನೋಡುವುದು, ಬಸ್ಸಿನಲ್ಲಿ ಒಬ್ಬಳೇ ಬರುವಾಗ ಧೈರ್ಯ, ಎಲ್ಲ ಅದರಿಂದ. ನನ್ನ ಜೂನಿಯರ್ ಒಬ್ಬಳ ಮನೆಯಲ್ಲಿ ರಜೆಗೆ ಹೋದಾಗ ಫೋನ್ ಕಿತ್ತುಕೊಂಡರು. ಪ್ರವೇಶ ಪರೀಕ್ಷೆಯ ಅರ್ಜಿಯ ಕೊನೇ ದಿನ ಅವಳಿಗೆ ತಿಳಿಯಲೇ ಇಲ್ಲ. ಅವಳ ಒಂದು ವರ್ಷ ಹೋಯಿತು. ನಾವು ಪೇಡಾ ಬಾಕ್ಸಿಗೆ ಹಾಕುವುದು ನಾವೇ ಒಪ್ಪಿ, ನಾವೇ ತೆಗೆಯಬಹುದಾದ ಹಾಗೆ. ಅದು ಬೇರೆ.

ಕೆಲವರಿಗೆ ಈ ಗಡಿಯಾರ, ಬಾಕ್ಸು ಸಾಲುವುದಿಲ್ಲ. ನಿದ್ದೆಯೇ ಬರುವುದಿಲ್ಲ, ಊಟ ಸೇರುವುದಿಲ್ಲ, ಫೋನ್ ಇಟ್ಟರೆ ಕೈಕಾಲು ನಡುಗುವಷ್ಟು ಗಾಬರಿ. ಎಷ್ಟೋ ಸಲ ಫೋನಿನ ಹಿಂದೆ ಬೇರೆ ನೋವು ಇರುತ್ತದೆ, ಫೋನ್ ಅದನ್ನು ಮರೆಸುವ ಸಾಧನ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಾದ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ತೊಂದರೆ ಇದೆ, ಸ್ಮಾರ್ಟ್‌ಫೋನ್ ಚಟ ಅಂತ ಪ್ರತ್ಯೇಕವಾಗಿ ಇಲ್ಲ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಸಹಾಯ ಸಿಗುವುದಿಲ್ಲ ಅಂತಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ, ಫೋನು-ಇಂಟರ್ನೆಟ್ಟಿನ ಅತಿ ಬಳಕೆಗೆಂದೇ ಇರುವುದು. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ, ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ. ಹೋಗಲು ಹಿಂಜರಿಕೆಯಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಹೆಸರು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ನನ್ನ ರೂಮ್‌ಮೇಟ್ ಒಬ್ಬಳು ಮಾತಾಡಿದಳು. ಅವಳ ಕಥೆ ಅವಳದು, ನಾನು ಹೇಳುವುದಿಲ್ಲ. ಅವಳು ಈಗ ಚೆನ್ನಾಗಿದ್ದಾಳೆ ಅಂತ ಮಾತ್ರ ಹೇಳಬಲ್ಲೆ.

ನನ್ನದೂ ಎಲ್ಲ ಮುಗಿದಿದೆ ಅಂತಲ್ಲ. ರಜೆಗೆ ಊರಿಗೆ ಹೋದರೆ ಎದುರು ರೂಮು ಇರುವುದಿಲ್ಲ, ಅಭ್ಯಾಸ ಸಡಿಲವಾಗುತ್ತದೆ. ಫಲಿತಾಂಶ ಬರುವ ವಾರ ಬಾಕ್ಸು ಖಾಲಿಯಾಗಿಯೇ ಇರುತ್ತದೆ. ಕಾಲೇಜು ಅಧ್ಯಾಪಕರಾಗಲು ಬರೆಯುವ ಕೆ-ಸೆಟ್ ಪರೀಕ್ಷೆಯ ತಯಾರಿಗೆ ವಿಡಿಯೋ ಪಾಠ ಬೇಕೇ ಬೇಕು. ಅವನ್ನು ವಿಭಾಗದ ಕಂಪ್ಯೂಟರಿನಲ್ಲಿ ನೋಡುತ್ತೇನೆ, ಅದು ಸಂಜೆ ಮುಚ್ಚುತ್ತದೆ.

ಈಗ ತಲೆಯಲ್ಲಿ ಇರುವುದು ತಮ್ಮನ ವಿಷಯ. ಅವನು ಮುಂದಿನ ವರ್ಷ ಪಿಯುಸಿಗೆ ಸೇರುತ್ತಾನೆ. ಅವನಿಗೊಂದು ಬೇರೆ ಫೋನ್ ಕೊಡಿಸೋಣವೇ ಅಂತ ಅಪ್ಪ ಕೇಳಿದರು. ಸದ್ಯಕ್ಕೆ ಬೇಡ, ಮನೆಯ ಒಂದು ಫೋನ್ ಸಾಕು, ಅದು ಪಡಸಾಲೆಯಲ್ಲಿರಲಿ, ರಾತ್ರಿ ಅಲ್ಲೇ ಚಾರ್ಜಿಗೆ ಹಾಕಿ, ನಿಮ್ಮದೂ ಅಲ್ಲೇ ಇರಲಿ ಅಂದೆ. ಅಪ್ಪ ಒಪ್ಪಿದರು. ತಮ್ಮನಿಗೆ ನನ್ನ ಮೇಲೆ ಸಿಟ್ಟು ಬಂದಿದೆ. "ನಿನಗ ಪಿಯುಸಿಗೇ ಕೊಡಿಸಿದ್ರು, ನನಗ್ಯಾಕ ಇಲ್ಲ" ಅಂತ ಕೇಳುತ್ತಾನೆ. ಅವನ ಪ್ರಶ್ನೆ ಸರಿಯಾಗಿದೆ. ದೀಪಾವಳಿಗೆ ಊರಿಗೆ ಹೋದಾಗ ಅವನ ಜೊತೆ ಕೂತು ಮಾತಾಡಬೇಕು. ಅವನ ಮಾತನ್ನೂ ಪೂರ್ತಿ ಕೇಳಬೇಕು.